ಮೂರು ಪಂಚಾಯಿತಿ, ಒಂದೇ ಹಾಳೆ

ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ನಾನು ಐದು ವರ್ಷ ಪಂಚಾಯಿತಿ ಸದಸ್ಯೆಯಾಗಿದ್ದೆ. ಮೊದಲ ವರ್ಷ ಲಿಂಬೆ ಆರಿಸಿ ವಿಂಗಡಿಸಲು ಒಂದು ಶೆಡ್ ಬೇಕು ಅಂತ ಪಂಚಾಯಿತಿ ಯೋಜನೆಯಲ್ಲಿ ಬರೆದೆವು. ಪಕ್ಕದ ಎರಡು ಪಂಚಾಯಿತಿಗಳೂ ಅದನ್ನೇ ಬರೆದಿದ್ದವು. ಯಾರಿಗೂ ಸಿಗಲಿಲ್ಲ. ಮೂರೂ ಊರಿನ ಲಿಂಬೆ ಒಂದೇ ದಾರಿಯಲ್ಲಿ ಒಂದೇ ಮಾರುಕಟ್ಟೆಗೆ ಹೋಗುತ್ತದೆ, ಅಲ್ವಾ? ಮುಂದಿನ ವರ್ಷ ಕೂಡಿಯೇ ಕೂತೆವು. ನೀವೂ ಹಾಗೆ ಕೂಡುವುದಾದರೆ, ನಾವು ಮಾಡಿದ್ದು ಹೀಗೆ.

ಮೊದಲು ಲೆಕ್ಕ, ಆಮೇಲೆ ಬೇಡಿಕೆ. ಪ್ರತಿ ಊರಿನ ಹತ್ತು ಮನೆಯವರು ಹೋದ ವರ್ಷದ ದಲಾಲಿ ಅಂಗಡಿ ಪಟ್ಟಿಗಳನ್ನು ತರಲಿ. ಬಾಯಿಮಾತಿನ ದರ ಬೇಡ. ದೊಡ್ಡ ಹಾಳೆಯಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಚೌಕ ಹಾಕಿ, ಬಂದ ದುಡ್ಡು, ಹಮಾಲಿ, ಗಾಡಿ ಬಾಡಿಗೆ ಎಲ್ಲ ತುಂಬಿ. ಬೇಸಿಗೆಯಲ್ಲಿ ದರ ಇದೆ, ಕಾಯಿ ಕಡಿಮೆ. ಮಳೆಗಾಲದಲ್ಲಿ ಕಾಯಿ ಜಾಸ್ತಿ, ದರ ಇಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕಾಯಿ ಹರಿದ ಕೂಲಿಯೂ ಹುಟ್ಟದ ತಿಂಗಳುಗಳನ್ನು ಹಾಳೆಯ ಮೇಲೆ ಕಂಡಾಗ ಹಿರಿಯರೆಲ್ಲ ಸುಮ್ಮನಾದರು.

ಕಾಯಿ ಆರಿಸುವ ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಕೇಳಿ. ಸಂಜೆ ಸಭೆಗೆ ಕರೆದರೆ ಅವರು ಬರುವುದಿಲ್ಲ, ಅದು ರೊಟ್ಟಿ ಬಡಿಯುವ ಹೊತ್ತು. ನಾವು ಮಧ್ಯಾಹ್ನ ಅವರು ಬುತ್ತಿ ಬಿಚ್ಚುವ ವೇಳೆಗೆ ತೋಟಕ್ಕೇ ಹೋದೆವು. "ಅಕ್ಕಾರ, ಗಿಡದ ಬುಡಕ್ಕ ಬಿದ್ದ ಹಣ್ಣು ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ ನೋಡ್ರಿ" ಅಂದಳು ಒಬ್ಬಳು. ಉಪ್ಪಿನಕಾಯಿ ಘಟಕದ ಮಾತು ಹುಟ್ಟಿದ್ದು ಅಲ್ಲಿ. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಜಗಳ ಬರುವುದು ಜಾಗಕ್ಕೆ. ಪ್ರತಿ ಊರಿಗೂ ಘಟಕ ತನ್ನಲ್ಲೇ ಆಗಬೇಕು. ಅದಕ್ಕೆ ಊರಿನ ಹೆಸರು ಹೇಳುವ ಮೊದಲೇ ಬೇಕಾದದ್ದನ್ನು ಬರೆದಿಡಿ: ಬೇಸಿಗೆಯಲ್ಲೂ ಬತ್ತದ ಬೋರ್, ತ್ರೀಫೇಸ್ ಕರೆಂಟ್, ಮಳೆಯಲ್ಲೂ ಲಾರಿ ಬರುವ ರಸ್ತೆ. ಆಮೇಲೆ ಮೂರೂ ಊರು ಸುತ್ತಿ ನೋಡಿ. ಝಳಕಿ ಹೆದ್ದಾರಿಗೆ ಹತ್ತಿರದ ಊರು ಗೆದ್ದಿತು, ನಮ್ಮದಲ್ಲ. ಮನೆಗೆ ಬಂದರೆ ನಮ್ಮ ಕಾಕಾ, "ಊರಿಗೆ ಏನ್ ತಂದಿ?" ಎಂದು ಕೇಳಿದರು. ಉತ್ತರ ಕಾಗದದಲ್ಲಿತ್ತು. ಕೆಲಸದಲ್ಲಿ ಮೂರೂ ಊರಿನ ಹೆಣ್ಣುಮಕ್ಕಳಿಗೆ ಸಮಪಾಲು, ಕಾಯಿ ಕೊಳ್ಳುವ ದರ ಮೂರೂ ಕಡೆ ಒಂದೇ. ಈ ಕರಾರು ಜಾಗ ಆರಿಸುವ ಮೊದಲೇ ಆಗಬೇಕು. ಆಮೇಲೆ ಯಾರೂ ಒಪ್ಪುವುದಿಲ್ಲ.

ಕಾಗದಪತ್ರದ ಕೆಲಸ ಅಷ್ಟು ಕಷ್ಟವಲ್ಲ. ಗ್ರಾಮಸಭೆಯಲ್ಲಿ ಪಂಚಾಯಿತಿ ಯೋಜನೆ ಮಾಡುವ ಅಭಿಯಾನ 2018ರಲ್ಲಿ ಅಕ್ಟೋಬರ್ 2ರಂದು ಶುರುವಾಯಿತು. ಗ್ರಾಮಸಭೆಗೆ ಹೋಗುವ ಮೊದಲು ನಿಮ್ಮ ಹಾಳೆ ಸಿದ್ಧವಿರಲಿ. ಪಂಚಾಯಿತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಕೂಡಿಸುವುದು ಜಿಲ್ಲಾ ಯೋಜನಾ ಸಮಿತಿಯ ಕೆಲಸ. ನೀರಿನಂಥ ಹಂಚಿಕೊಳ್ಳುವ ವಿಷಯಗಳನ್ನೂ ಅದು ನೋಡಬೇಕು ಎಂದು ಸಂವಿಧಾನದ 243 ಜೆಡ್‌ಡಿ ವಿಧಿಯೇ ಹೇಳುತ್ತದೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ವಿಜಯಪುರಕ್ಕೆ ಲಿಂಬೆಯೇ ಇದೆ, ಇಂಡಿ ಲಿಂಬೆಗೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಅರ್ಜಿಯಲ್ಲಿ ಇವೆರಡನ್ನೂ ಬರೆಯಿರಿ. ಬಾಗಲಕೋಟೆಯವರಿಗೆ ಈರುಳ್ಳಿ, ಬೆಳಗಾವಿಯವರಿಗೆ ಬೆಲ್ಲ.

ಠರಾವು ಮಾತ್ರ ಮೂರೂ ಗ್ರಾಮಸಭೆಯಲ್ಲಿ ಅಕ್ಷರಶಃ ಒಂದೇ ಇರಲಿ. ನಮ್ಮಲ್ಲಿ ಒಂದು ಕಡೆ "ಉಪ್ಪಿನಕಾಯಿ ಘಟಕ" ಎಂದು, ಇನ್ನೊಂದು ಕಡೆ "ಲಿಂಬೆ ಶೆಡ್" ಎಂದು ಬರೆದಿದ್ದರು. ಕಡತ ವಾಪಸ್ ಬಂತು. ಮತ್ತೆ ಸಭೆ ಸೇರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದಿತ್ತು, ಗಿಡದ ಬುಡದಲ್ಲಿ ಹಣ್ಣು ಕೊಳೆತಿತ್ತು.