ಘಾಟಿ ರಸ್ತೆ ಗೊತ್ತಿರೋ ರೂಟಿಂಗ್ ಎಂಜಿನ್, ನಿಮ್ಮದೇ ಲಿನಕ್ಸ್ ಮಷೀನಲ್ಲಿ

ಹೊಸನಗರದ ಕಡೆಯ ಒಂದು ಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಎಷ್ಟೊತ್ತು, ಅಡಿಕೆ ಗಾಡಿ ಯಾವ ದಾರೀಲಿ ಹೋದ್ರೆ ಒಳ್ಳೇದು, ಇಂಥದ್ದನ್ನೆಲ್ಲ ಲೆಕ್ಕ ಹಾಕಕ್ಕೆ ಓಎಸ್ಆರ್‌ಎಂ (ಓಪನ್ ಸೋರ್ಸ್ ರೂಟಿಂಗ್ ಮಷೀನ್) ಅನ್ನೋ, ದಾರಿ ಮತ್ತೆ ಸಮಯ ಹುಡುಕಿ ಕೊಡೋ ಓಪನ್ ಸೋರ್ಸ್ ಎಂಜಿನ್ ಇದೆ. ದುಡ್ಡು ಕೊಡ್ಬೇಕಿಲ್ಲ, ಒಂದ್ಸಲ ಹಾಕ್ಕೊಂಡ್ರೆ ಮಳೆಗಾಲದಲ್ಲಿ ನೆಟ್ ಹೋದ್ರೂ ನಡೆಯತ್ತೆ. ಕಮಾಂಡ್ ಹೆಸರುಗಳನ್ನ ಇಲ್ಲಿ ಕನ್ನಡದಲ್ಲಿ ಬರ್ದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀರಿ.

ಉಬುಂಟು ಅಥವಾ ಡೆಬಿಯನ್ ಆದ್ರೆ ಮೊದ್ಲು ಆಪ್ಟ್‌ನಿಂದ ಡಾಕರ್ (ಪ್ಯಾಕೇಜ್ ಹೆಸರು ಡಾಕರ್ ಡಾಟ್ ಐಒ, ರೆಡಿಮೇಡ್ ಪ್ರೋಗ್ರಾಂ ಪೊಟ್ಟಣ ಓಡಿಸಕ್ಕೆ) ಮತ್ತೆ ಓಸ್ಮಿಯಂ-ಟೂಲ್ (ಮ್ಯಾಪ್ ಫೈಲ್ ಕತ್ತರಿಸಕ್ಕೆ) ಎರಡನ್ನೂ ಹಾಕ್ಕೊಳಿ. ಸೋರ್ಸ್‌ನಿಂದ ಕಂಪೈಲ್ ಮಾಡೋದೂ ಇದೆ, ಆದ್ರೆ ಮೊದಲ ಸಲಕ್ಕೆ ಅದು ಬೇಡ, ಮೊದಲೇ ಕಂಪೈಲ್ ಮಾಡಿಟ್ಟಿರೋ ಓಎಸ್ಆರ್‌ಎಂ ಡಾಕರ್ ಇಮೇಜೇ ಸಾಕು.

ಆಮೇಲೆ ಮ್ಯಾಪ್ ಡೇಟಾ. ಇದು ಜನರೇ ಸೇರಿ ಮಾಡಿರೋ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಉಚಿತ ನಕ್ಷೆಯಿಂದ ಬರತ್ತೆ. ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾವನ್ನ ಜಿಯೋಫ್ಯಾಬ್ರಿಕ್‌ನವರು ಪ್ರದೇಶವಾರು ಕತ್ತರಿಸಿ ಪಿಬಿಎಫ್ ಫೈಲ್ ಮಾಡಿ ಇಡ್ತಾರೆ, ಅಲ್ಲಿ ಕರ್ನಾಟಕಕ್ಕೇ ಅಂತ ಫೈಲ್ ಇಲ್ಲ, ಸದರ್ನ್ ಝೋನ್ ಇಳಿಸ್ಕೋಬೇಕು. ಅದನ್ನ ಹಂಗೇ ಎಂಜಿನ್‌ಗೆ ಕೊಟ್ರೆ ಕಡಿಮೆ ರ‍್ಯಾಮ್ ಇರೋ ಲ್ಯಾಪ್‌ಟಾಪಲ್ಲಿ ಅರ್ಧಕ್ಕೇ ‘ಕಿಲ್ಡ್’ ಅಂತ ನಿಂತೋಗತ್ತೆ. ಅದಕ್ಕೇ ಓಸ್ಮಿಯಂ ಎಕ್ಸ್‌ಟ್ರ್ಯಾಕ್ಟ್‌ಗೆ 74.4, 13.2, 76.1, 14.7 ಅಂತ (ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರದ ಅಂಚು) ಚೌಕ ಕೊಟ್ಟು ನಮ್ಮ ಶಿವಮೊಗ್ಗ ಜಿಲ್ಲೆ ಮತ್ತೆ ಕೆಳಗಿನ ಕರಾವಳಿ ಅಷ್ಟನ್ನೇ ಕತ್ತರಿಸ್ಕೊಳಿ. ಕರಾವಳಿ ಬಿಡಬೇಡಿ, ಬಿಟ್ರೆ ಘಾಟಿ ರಸ್ತೆಗಳೆಲ್ಲ ಅರ್ಧಕ್ಕೇ ಕಟ್ ಆಗ್ತವೆ.

ಈಗ ಆ ಡಾಕರ್ ಇಮೇಜ್ ಒಳಗೇ ಮೂರು ಹಂತ, ಇದೇ ಕ್ರಮದಲ್ಲಿ: ಓಎಸ್ಆರ್‌ಎಂ-ಎಕ್ಸ್‌ಟ್ರ್ಯಾಕ್ಟ್ (ಮೈನಸ್ ಪಿ ಹಾಕಿ ಕಾರ್ ಡಾಟ್ ಲುವಾ ಪ್ರೊಫೈಲ್, ಅಂದ್ರೆ ಯಾವ ಥರದ ರಸ್ತೇಲಿ ಎಷ್ಟು ಸ್ಪೀಡ್ ಅಂತ ಹೇಳೋ ಫೈಲ್ ಕೊಟ್ಟು), ಓಎಸ್ಆರ್‌ಎಂ-ಪಾರ್ಟಿಶನ್, ಓಎಸ್ಆರ್‌ಎಂ-ಕಸ್ಟಮೈಜ್. ಮುಗಿದ್ಮೇಲೆ ಓಎಸ್ಆರ್‌ಎಂ-ರೂಟೆಡ್‌ನ ಎಂಎಲ್‌ಡಿ ಆಲ್ಗರಿದಮ್ (ಈ ಮೂರು ಹಂತಕ್ಕೆ ಹೊಂದೋ ಲೆಕ್ಕದ ವಿಧಾನ) ಜೊತೆ 5000 ಪೋರ್ಟ್‌ನಲ್ಲಿ ಶುರು ಮಾಡಿ, ಕರ್ಲ್‌ನಿಂದ ರೂಟ್ ಕೇಳಿ. ಇಲ್ಲಿ ರೇಖಾಂಶ ಮೊದ್ಲು, ಅಕ್ಷಾಂಶ ಆಮೇಲೆ, ಅಂದ್ರೆ ಶಿವಮೊಗ್ಗ 75.57,13.93. ತಿರುಗಿಸಿ ಹಾಕಿದ್ರೆ ಅದು ನಾರ್ವೆಯ ಉತ್ತರಕ್ಕಿರೋ ಸಮುದ್ರ. ಎಂಜಿನ್ ಕೊಡೋ ಉತ್ತರದಲ್ಲಿ ದೂರ ಮೀಟರ್‌ನಲ್ಲಿ, ಸಮಯ ಸೆಕೆಂಡ್‌ನಲ್ಲಿ ಬರತ್ತೆ.

ಇಷ್ಟಕ್ಕೇ ಬಿಟ್ಬಿಟ್ರೆ ಮಲೆನಾಡಿಗೆ ಅದು ಉಪಯೋಗ ಇಲ್ಲ. ಯಾಕಂದ್ರೆ ಮೂಲ ಕಾರ್ ಪ್ರೊಫೈಲ್‌ನಲ್ಲಿ ಟ್ರಂಕ್ ದರ್ಜೆಯ ಹೆದ್ದಾರಿಗೆ ಗಂಟೆಗೆ 85 ಕಿಮೀ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪ್ರೈಮರಿಗೆ 65 ಅಂತ ಇದೆ, ಆಗುಂಬೆ ಘಾಟೀಲಿ ಯಾರು ಆ ಸ್ಪೀಡಲ್ಲಿ ಹೋಗ್ತಾರೆ? ಏರು ಇಳಿವು ಅದಕ್ಕೆ ಗೊತ್ತಿಲ್ಲ, ಹೇರ್‌ಪಿನ್ ತಿರುವಲ್ಲಿ ಬೇರೆ ರಸ್ತೆ ಕೂಡಲ್ಲ ಅಲ್ವಾ, ಹಂಗಾಗಿ ಅದನ್ನ ತಿರುವು ಅಂತಾನೇ ಲೆಕ್ಕಕ್ಕೆ ತಗೊಳಲ್ಲ. ಆಂಬುಲೆನ್ಸ್ ಲೆಕ್ಕ ಹಾಕೋರಿಗೆ ಇಂಥ ಸುಳ್ಳು ನಿಮಿಷ ನಿಜಕ್ಕೂ ಅಪಾಯ.

ಸರಿ ಮಾಡಕ್ಕೆ ಎರಡು ದಾರಿ. ಇಡೀ ಜಿಲ್ಲೆಯ ಸ್ಪೀಡ್ ಇಳಿಸ್ಬೇಕಾದ್ರೆ ಕಾರ್ ಡಾಟ್ ಲುವಾ ಫೈಲನ್ನ ಕಾಪಿ ಮಾಡಿ ಅಂಕಿ ಬದಲಾಯಿಸಿ, ಜೊತೆಗೆ ಲಿಬ್ ಫೋಲ್ಡರೂ ಬೇಕು ಇಲ್ಲಾಂದ್ರೆ ಎರರ್ ಬರತ್ತೆ, ಆಮೇಲೆ ಓಎಸ್ಆರ್‌ಎಂ-ಎಕ್ಸ್‌ಟ್ರ್ಯಾಕ್ಟ್‌ನಿಂದ ಮತ್ತೆ ಶುರು. ಘಾಟಿ ಒಂದಕ್ಕೇ ಆದ್ರೆ ಸೆಗ್ಮೆಂಟ್ ಸ್ಪೀಡ್ ಫೈಲ್ ಅಂತ ಒಂದು ಸಿಎಸ್‌ವಿ ಮಾಡಿ, ಪ್ರತಿ ಸಾಲಲ್ಲೂ ಅಕ್ಕಪಕ್ಕದ ಎರಡು ನೋಡ್ (ಮ್ಯಾಪಲ್ಲಿ ರಸ್ತೆ ಗೆರೆ ಮೇಲಿನ ಬಿಂದು) ನಂಬರ್, ಮುಂದೆ ಸ್ಪೀಡ್, ಇದಕ್ಕೆ ಕಸ್ಟಮೈಜ್ ಒಂದನ್ನೇ ಮತ್ತೆ ಓಡಿಸಿ ರೂಟೆಡ್‌ನ ರೀಸ್ಟಾರ್ಟ್ ಮಾಡಿದ್ರೆ ಆಯ್ತು. ನನಗೆ ಇದೇ ಇಷ್ಟ, ಯಾಕಂದ್ರೆ ನೋಡ್‌ಗಳನ್ನ ಬರೆಯೋ ಕ್ರಮದಿಂದ ದಿಕ್ಕು ಗೊತ್ತಾಗತ್ತೆ, ಹಂಗಾಗಿ ಘಾಟಿ ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು ಸ್ಪೀಡ್ ಕೊಡ್ಬೋದು. ಗುಡ್ಡ ಕುಸಿದು ಆಗುಂಬೆ ಬಂದ್ ಆದ್ರೆ ಎರಡೂ ದಿಕ್ಕಿಗೆ ಸೊನ್ನೆ ಹಾಕಿ, ಎಂಜಿನ್ ತಾನೇ ಹುಲಿಕಲ್ ಘಾಟಿಯಂಥ ಬೇರೆ ದಾರಿ ಹುಡುಕತ್ತೆ.

ಡೇಟಾ ಹಳೇದಾಗಿದ್ರೂ ತೊಂದ್ರೆನೇ. ಸಾಗರದಿಂದ ಸಿಗಂದೂರಿಗೆ ರೂಟ್ ಕೇಳಿ ನೋಡಿ. ಆ ದಾರೀಲಿ ಶರಾವತಿ ಹಿನ್ನೀರಿನ ಮೇಲಿರೋ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಓಪನ್ ಆಯ್ತು, ನಿಮ್ಮ ಫೈಲ್ ಅದಕ್ಕಿಂತ ಹಿಂದಿಂದಾದ್ರೆ ಲಾಂಚ್ ದಾರಿ ತೋರಿಸ್ಬೋದು ಇಲ್ಲಾ ಸುತ್ತಾಕ್ಕೊಂಡು ಕಳಿಸ್ಬೋದು. ಹಂಗೇನಾದ್ರೂ ಬಂದ್ರೆ ಹೊಸ ಪಿಬಿಎಫ್ ಇಳಿಸಿ, ಕತ್ತರಿಸಿ, ಮೂರೂ ಹಂತ ಮತ್ತೆ ಓಡಿಸಿ, ಕಸ್ಟಮೈಜ್ ಮಾಡ್ವಾಗ ಘಾಟಿಯ ಸಿಎಸ್‌ವಿ ಕೊಡೋದು ಮರೀಬೇಡಿ.