ಡಬ್ಬಿಯಲ್ಲಿ ಗದ್ದಲ ಎದ್ದಾಗ ಚೈನಿಗೆ ಕೈ ಹಾಕುವ ಮುಂಚೆ

ನಾನು ಗದಗಿನವಳು. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ತಿಂಗಳ ಪಾಸ್ ಮೇಲೆ ದಿನಾ ರೈಲಿನಲ್ಲಿ ಓಡಾಟ. ಸಿಗ್ನಲ್, ಹಳಿ ಕೆಲಸ ಅಂತ ಗಾಡಿ ತಡವಾದರೆ ನಾವು ಮಾಡೋದು ಏನೂ ಇಲ್ಲ. ಆದರೆ ಕುಡಿದವನೊಬ್ಬ ಗಲಾಟೆ ಮಾಡಿದ, ಸೀಟಿಗಾಗಿ ಇಬ್ಬರು ಹೊಡೆದಾಡಿದರು ಅಂತ ಗಾಡಿ ಹೊಲದ ನಡುವೆ ನಿಂತರೆ, ಅದನ್ನು ಬಹಳ ಸಲ ನಾವೇ ತಪ್ಪಿಸಬಹುದು. ಮಾಡಬೇಕಾದ್ದು ಇಷ್ಟೇ: ಗಾಡಿ ಓಡುತ್ತಿರುವಾಗಲೇ ಸುದ್ದಿ ಮುಟ್ಟಿಸಬೇಕು, ಪೊಲೀಸರು ಮುಂದಿನ ಸ್ಟೇಷನ್ನಿನಲ್ಲಿ ಹತ್ತಬೇಕು. ಅಲ್ಲಿ ಗಾಡಿ ಹೇಗೂ ನಿಲ್ಲುತ್ತದೆ.

ಹೋದ ಮಳೆಗಾಲದಲ್ಲಿ ಹೆಬಸೂರು ದಾಟಿದ ಮೇಲೆ ನಮ್ಮ ಡಬ್ಬಿಯಲ್ಲಿ ಸೀಟಿನ ಜಗಳ ಎದ್ದಿತು. ಮಾತು ಹೋಗಿ ಕೈ ಬಂತು. ಯಾರೋ ಒಬ್ಬರು "ಪೊಲೀಸರು ಬರ್ಲಿ" ಅಂತ ಚೈನ್ ಎಳೆದೇ ಬಿಟ್ಟರು. ಸುತ್ತ ಕರಿ ಮಣ್ಣಿನ ಹೊಲ. ಪೊಲೀಸರು ಎಲ್ಲಿಂದ ಬರಬೇಕು? ಹೊಡೆದಾಡಿದವನು ಆರಾಮಾಗಿ ಇಳಿದು ಹೊಲದಲ್ಲಿ ನಡೆದು ಹೋದ. ಎದುರು ಸೀಟಿನಲ್ಲಿ ಧಾರವಾಡಕ್ಕೆ ಪರೀಕ್ಷೆಗೆ ಹೊರಟಿದ್ದ ಹುಡುಗಿ ಗಡಿಯಾರ ನೋಡುತ್ತಾ ಅಳುತ್ತಿದ್ದಳು. ಹುಬ್ಬಳ್ಳಿಯಲ್ಲಿ ಅವಳ ಮುಂದಿನ ಗಾಡಿ ತಪ್ಪಿತು. ಅವಳ ಮುಖ ಇನ್ನೂ ಕಣ್ಣ ಮುಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚೈನ್ ಎಳೆದರೆ ಏನಾಗುತ್ತದೆ ಅಂತ ಮೊದಲು ತಿಳಿದಿರಲಿ. ಇಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಬ್ರೇಕಿನ ಗಾಳಿ ಪೈಪ್ ಇರುತ್ತದೆ. ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ. ಚೈನ್ ಎಳೆದ ಕೂಡಲೇ ಆ ಡಬ್ಬಿಯ ವಾಲ್ವ್ ತೆರೆದು ಗಾಳಿ ಹೊರಗೆ ಹೋಗುತ್ತದೆ, ಬ್ರೇಕ್ ಹಿಡಿಯುತ್ತದೆ. ಆಮೇಲೆ ಗಾರ್ಡ್ ಅಥವಾ ಸಹಾಯಕ ಲೋಕೋ ಪೈಲಟ್ (ಇಂಜಿನ್ ಓಡಿಸುವವರ ಜೊತೆಗಾರ) ಕೆಳಗಿಳಿದು, ಯಾವ ಡಬ್ಬಿ ಅಂತ ಹುಡುಕಿ, ಅದನ್ನು ಕೈಯಿಂದಲೇ ಸರಿ ಮಾಡಬೇಕು. ಮತ್ತೆ ಇಡೀ ಪೈಪಿಗೆ ಗಾಳಿ ತುಂಬಬೇಕು. ಉದ್ದ ಗಾಡಿಯಾದರೆ ಬರೀ ನಡೆಯುವುದಕ್ಕೇ ಎಷ್ಟು ಹೊತ್ತು ಬೇಕು ಯೋಚಿಸಿ. ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಎರಡು ಸ್ಟೇಷನ್ ನಡುವೆ ಒಂದು ಹಳಿಯ ಮೇಲೆ ಸಾಮಾನ್ಯವಾಗಿ ಒಮ್ಮೆಗೆ ಒಂದೇ ಗಾಡಿ ಬಿಡುತ್ತಾರೆ. ಹುಬ್ಬಳ್ಳಿ-ಹಾವೇರಿ ದಾರಿಯ ಸಂಶಿ ಮತ್ತು ಗುಡಗೇರಿ ನಡುವೆ ಒಂದು ಗಾಡಿ ನಿಂತರೆ ಅದರ ಹಿಂದೆ ಹಾವೇರಿ ಕಡೆ ಹೊರಟ ಗಾಡಿಯೂ ಕಾಯುತ್ತದೆ. ಹುಬ್ಬಳ್ಳಿಯಂತೂ ಗದಗ, ಧಾರವಾಡ, ಹಾವೇರಿ ಮೂರೂ ಕಡೆಯ ಹಳಿ ಕೂಡುವ ಜಾಗ.

ಹಾಗಾದರೆ ಯಾರಿಗೆ ಹೇಳಬೇಕು? ರಿಸರ್ವೇಶನ್ ಡಬ್ಬಿಯಾದರೆ ಮೊದಲು ಟಿಸಿಗೆ. ಟಿಸಿ ಕಾಣದಿದ್ದರೆ, ಅಥವಾ ಜನರಲ್ ಡಬ್ಬಿಯಾದರೆ, ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ರಕ್ಷಣೆಗೆ ಅಂತ ಇದ್ದ ಹಳೆಯ ನಂಬರ್ 182 ಈಗ ಇಲ್ಲ, ಅದೂ 139ರಲ್ಲೇ ಸೇರಿದೆ. ರಕ್ಷಣೆ ಮತ್ತು ವೈದ್ಯಕೀಯ ನೆರವಿಗೆ 1 ಒತ್ತಿ. ರೈಲ್‌ಮದದ್ ಆ್ಯಪ್‌ನಲ್ಲೂ ದೂರು ಬರೆಯಬಹುದು. ಆದರೆ ಗಲಾಟೆ ನಡೀತಿರುವಾಗ ಟೈಪ್ ಮಾಡುತ್ತಾ ಕೂರುವುದಕ್ಕಿಂತ ಫೋನೇ ಒಳ್ಳೆಯದು ಅಂತ ನನ್ನ ಅನುಭವ.

ಫೋನ್ ಹತ್ತಿದ ಮೇಲೆ ಕಥೆ ಹೇಳಬೇಡಿ. ಗಾಡಿಯ ಐದಂಕಿಯ ನಂಬರ್, ಡಬ್ಬಿ, ಈಗ ದಾಟಿದ ಸ್ಟೇಷನ್, ಮುಂದೆ ನಿಲ್ಲುವ ಸ್ಟೇಷನ್, ಇಷ್ಟು ಮೊದಲು. ಆಮೇಲೆ ಒಂದೇ ಮಾತಿನಲ್ಲಿ ಏನಾಗುತ್ತಿದೆ, ಪೆಟ್ಟಾಗಿದೆಯಾ, ಯಾರ ಕೈಯಲ್ಲಾದರೂ ಚಾಕು ಬಾಟಲಿ ಇದೆಯಾ ಅಂತ. ಜನರಲ್ ಡಬ್ಬಿಗೆ ಎಸ್ 5, ಡಿ 3 ಅನ್ನುವಂಥ ಹೆಸರು ಇರುವುದಿಲ್ಲ. ಹತ್ತುವಾಗಲೇ ಇಂಜಿನ್ನಿನಿಂದ ಎಷ್ಟನೆಯ ಡಬ್ಬಿ ಅಂತ ನೋಡಿಟ್ಟುಕೊಳ್ಳಿ. ಡಬ್ಬಿಯ ಹೊರಗೋಡೆಯ ಮೇಲೆ ದೊಡ್ಡದಾಗಿ ಬರೆದ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಪೊಲೀಸರು ಪ್ಲಾಟ್‌ಫಾರ್ಮಿನಲ್ಲಿ ಸರಿಯಾದ ಬಾಗಿಲ ಎದುರಿಗೇ ನಿಂತರೆ ಅರ್ಧ ಕೆಲಸ ಆದ ಹಾಗೆ. ಹುಬ್ಬಳ್ಳಿಯ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ, ಅಲ್ಲಿ ತಪ್ಪು ತುದಿಯಲ್ಲಿ ನಿಂತವರು ಓಡಿ ಬರುವಷ್ಟರಲ್ಲಿ ಗಾಡಿ ಹೊರಡುವ ಹೊತ್ತಾಗಿರುತ್ತದೆ. ಇನ್ನೊಂದು ಮಾತು. ಹುಲಕೋಟಿ, ಹೆಬಸೂರಿನಂಥ ಸಣ್ಣ ಸ್ಟೇಷನ್ನಿನಲ್ಲಿ ಪೊಲೀಸರು ಸಿಗುವುದು ಕಷ್ಟ. ಗದಗ ಬಿಟ್ಟ ಕೂಡಲೇ ಗದ್ದಲ ಶುರುವಾದರೆ ಆಗಲೇ ಹೇಳಿ, ಹುಬ್ಬಳ್ಳಿ ಹತ್ತಿರ ಬರಲಿ ಅಂತ ಕಾಯಬೇಡಿ.

ಫೋನ್ ಮಾಡುವವರು ಒಬ್ಬರು, ಮಾತಾಡಿಸುವವರು ಇನ್ನೊಬ್ಬರು ಆಗಲಿ. ನಮ್ಮ ಗಾಡಿಯಲ್ಲಿ ಹಾಲು ಮಾರಲು ಬರುವ ಒಬ್ಬ ಅಜ್ಜ ಇದ್ದಾರೆ. ಯಾರಾದರೂ ಏರಿ ಹೋದರೆ ಅವರು ಪಕ್ಕಕ್ಕೆ ಹೋಗಿ, "ತಮ್ಮಾ, ಇಲ್ಲಿ ನನ್ನ ಹಂತೇಕ ಕುಂದ್ರು ಬಾ, ಯಾವೂರು ನಿಂದು?" ಅನ್ನುತ್ತಾರೆ. ತಪ್ಪು ಯಾರದು ಅಂತ ಕೇಳುವುದೇ ಇಲ್ಲ. ಊರಿನ ಹೆಸರು ಹೇಳುವಷ್ಟರಲ್ಲಿ ಎಷ್ಟೋ ಜನ ತಣ್ಣಗಾಗುತ್ತಾರೆ. ಸುತ್ತ ನಿಂತು "ಹೊಡಿ, ಬಿಡಬೇಡ" ಅನ್ನುವವರನ್ನು ಮೊದಲು ದೂರ ಕಳಿಸಿ. ಮುಖದ ಮುಂದೆ ಮೊಬೈಲ್ ಹಿಡಿದು ವಿಡಿಯೋ ಮಾಡಿದರೆ ಸಿಟ್ಟು ಜಾಸ್ತಿ ಆಗುತ್ತದೆ. ಬೇಕೇ ಬೇಕಾದರೆ ದೂರದಿಂದ, ಸ್ವಲ್ಪವೇ. ಹೆಣ್ಣುಮಕ್ಕಳಿಗೆ ತೊಂದರೆ ಕೊಡುತ್ತಿದ್ದರೆ ಮಾತ್ರ ಈ ನಯ ಬೇಡ. ನಾಲ್ಕು ಜನ ಎದ್ದು ನಡುವೆ ನಿಲ್ಲಿ, ಅವಳಿಗೆ ಬೇರೆ ಕಡೆ ಜಾಗ ಕೊಡಿ.

ತೂರಾಡುವವರೆಲ್ಲ ಕುಡಿದವರಲ್ಲ. ಇದನ್ನು ದಯವಿಟ್ಟು ನೆನಪಿಡಿ. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಇಳಿದರೆ ಮಾತು ತೊದಲುತ್ತದೆ, ಬೆವರು ಬರುತ್ತದೆ, ಸುಮ್ನೆ ಸಿಟ್ಟಾಗುತ್ತಾರೆ. ಎಚ್ಚರವಿದ್ದು ನುಂಗುವ ಹಾಗಿದ್ದರೆ ಸಕ್ಕರೆ, ಬೆಲ್ಲ, ಸಿಹಿ ಚಹಾ ಕೊಡಿ. 139ಕ್ಕೆ ವೈದ್ಯರು ಬೇಕು ಅಂತ ಹೇಳಿ. ಇಂಥ ಹೊತ್ತಿನಲ್ಲೂ ಹೊಲದಲ್ಲಿ ಗಾಡಿ ನಿಲ್ಲಿಸಿದರೆ ಆಂಬುಲೆನ್ಸ್ ಬರುವ ದಾರಿಯೇ ಇರುವುದಿಲ್ಲ. ಸ್ಟೇಷನ್ ಮುಟ್ಟುವುದೇ ಬೇಗ.

ಚೈನ್ ಎಳೆಯಲೇಬೇಕಾದ ಹೊತ್ತೂ ಇದೆ. ಬೆಂಕಿ, ಹೊಗೆ, ಯಾರಾದರೂ ಗಾಡಿಯಿಂದ ಬಿದ್ದದ್ದು, ಕೂಸು ಪ್ಲಾಟ್‌ಫಾರ್ಮಿನಲ್ಲೇ ಉಳಿದು ಗಾಡಿ ಹೊರಟದ್ದು, ಜೀವಕ್ಕೇ ಅಪಾಯ ಬಂದದ್ದು. ಆಗ ಎರಡನೇ ಯೋಚನೆ ಬೇಡ, ಎಳೆಯಿರಿ. ಸರಿಯಾದ ಕಾರಣ ಇಲ್ಲದೆ ಎಳೆದರೆ ಮಾತ್ರ 1989ರ ರೈಲ್ವೆ ಕಾಯ್ದೆಯ 141ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕುಡಿದು ಗಲಾಟೆ ಮಾಡುವವರಿಗೆ 145ನೇ ಕಲಂ ಇದೆ. ಅವರನ್ನು ಗಾಡಿಯಿಂದ ಇಳಿಸಬಹುದು, ಟಿಕೆಟ್ ಅಥವಾ ಪಾಸ್ ಕೂಡ ಕಳೆದುಕೊಳ್ಳುತ್ತಾರೆ. ಪಾಸಿನವರಿಗೆ ಈ ಮಾತು ಬೇಗ ನಾಟುತ್ತದೆ.

ಪೊಲೀಸರು ಹತ್ತಿದ ಮೇಲೆ ಎಲ್ಲರೂ ಕಿಟಕಿ ಕಡೆ ಮುಖ ತಿರುಗಿಸುತ್ತಾರೆ. ನನಗೆ ಬಹಳ ನೋವಾಗುವುದು ಇಲ್ಲೇ. ನೋಡಿದವರು ಮಾತಾಡದಿದ್ದರೆ ಪೊಲೀಸರು ಒಬ್ಬೊಬ್ಬರನ್ನೇ ವಿಚಾರಿಸುತ್ತಾ ನಿಲ್ಲಬೇಕಾಗುತ್ತದೆ, ಗಾಡಿ ಮತ್ತೆ ತಡ. ಇಬ್ಬರು ಮುಂದೆ ಬಂದು ಕಂಡದ್ದನ್ನು ಹೇಳಿ, ಹೆಸರು ಮತ್ತು ಫೋನ್ ನಂಬರ್ ಕೊಟ್ಟರೆ ಆ ಮನುಷ್ಯನನ್ನು ಕೆಳಗಿಳಿಸಿ ಗಾಡಿ ಬಿಡಬಹುದು. ಪೆಟ್ಟು ತಿಂದವರು ಕೇಸ್ ಕೊಡಬೇಕಾದರೆ ಪ್ರಯಾಣ ಮುರಿದು ಇಳಿಯಲೇಬೇಕು ಅಂತೇನಿಲ್ಲ. ಎಫ್‌ಐಆರ್ ಫಾರ್ಮ್ ಟಿಸಿ, ಗಾರ್ಡ್ ಅಥವಾ ಗಾಡಿಯಲ್ಲಿರುವ ಪೊಲೀಸರ ಹತ್ತಿರ ಕೇಳಿ, ಕೂತಲ್ಲೇ ತುಂಬಿ ಅವರ ಕೈಯಲ್ಲೇ ಕೊಡಬಹುದು. ಬರೆಯಲು ಬಾರದವರು ಪಕ್ಕದಲ್ಲಿದ್ದರೆ ನೀವೇ ಬರೆದುಕೊಡಿ.