ಬಿಸಿಲು, ಧೂಳು, ಕಲ್ಲುಗೋಡೆ: ನಮ್ಮ ಕಡೆ ಪುಟ್ಟ ಬ್ಲೂಟೂತ್ ಸ್ಪೀಕರ್ ಕೊಳ್ಳುವುದು, ಬಾಳಿಸುವುದು ಹೇಗೆ

ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಕೊಂಡವರು ಬರೆದ ಅಭಿಪ್ರಾಯಗಳನ್ನು ಸಾಲಾಗಿ ಓದಿದರೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಮೊದಲ ವಾರದ ಮಾತು ಹೆಚ್ಚಾಗಿ ದನಿಯ ಬಗ್ಗೆ, ಆರು ತಿಂಗಳ ಮೇಲಿನ ಮಾತು ಹೆಚ್ಚಾಗಿ ಚಾರ್ಜಿಂಗ್ ಬಗ್ಗೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ಎರಡನೆಯ ಮಾತು ಇನ್ನೂ ಬೇಗ ಬರಬಹುದು, ಯಾಕೆಂದರೆ ಇಲ್ಲಿನ ಬಿಸಿಲು ಬ್ಯಾಟರಿಯನ್ನೂ ಧೂಳು ಚಾರ್ಜಿಂಗ್ ಪೋರ್ಟನ್ನೂ ತಿನ್ನುತ್ತವೆ. ಆದ್ದರಿಂದ ಕೊಳ್ಳುವಾಗ ಬಾಸ್ ಎಷ್ಟಿದೆ ಎಂದು ಕೇಳುವ ಮೊದಲು ಪೋರ್ಟಿಗೆ ಮುಚ್ಚಳ ಇದೆಯೇ ಎಂದು ನೋಡಿ.

ಕೊಳ್ಳುವ ಮೊದಲು

ಆನ್‌ಲೈನಿನಲ್ಲಿ ಐದು ಸ್ಟಾರ್‌ಗಳನ್ನೂ ಒಂದು ಸ್ಟಾರ್‌ಗಳನ್ನೂ ಸದ್ಯಕ್ಕೆ ಬದಿಗಿಡಿ. ಎರಡು, ಮೂರು ಸ್ಟಾರ್ ಕೊಟ್ಟವರನ್ನು ಓದಿ, ಹೊಸದು ಮೊದಲು ಬರುವಂತೆ ಜೋಡಿಸಿಕೊಳ್ಳಿ. ಬಳಸಿ ಮೂರು ತಿಂಗಳಾದ ಮೇಲೆ ಬರೆದದ್ದಕ್ಕೆ ಹೆಚ್ಚು ಬೆಲೆ ಕೊಡಿ. ಹಲವು ಮಾಡೆಲ್‌ಗಳ ಅಭಿಪ್ರಾಯಗಳನ್ನು ಒಂದೇ ಪುಟಕ್ಕೆ ಕಟ್ಟಿರುವುದೂ ಉಂಟು. ನೀವು ಓದುತ್ತಿರುವುದು ನಿಮಗೆ ಬೇಕಾದ ಮಾಡೆಲ್ಲಿನದೇ ಎಂದು ಪ್ರತಿ ಅಭಿಪ್ರಾಯದ ಕೆಳಗಿನ ಸಾಲಿನಲ್ಲಿ ಖಾತ್ರಿ ಮಾಡಿಕೊಳ್ಳಿ. "ಚಾರ್ಜ್ ಆಗ್ತಿಲ್ಲ", "ಪದೇ ಪದೇ ಡಿಸ್ಕನೆಕ್ಟ್ ಆಗ್ತದ" ಎಂಬಂಥ ಮಾತು ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಜನರಿಂದ ಬಂದಿದ್ದರೆ ಆ ಮಾಡೆಲ್ ಬಿಡಿ. ಬಾಸ್ ಕಮ್ಮಿ ಎಂಬ ದೂರಿಗೆ ಅಷ್ಟು ಅಂಜಬೇಕಿಲ್ಲ, ಅಂಗೈಯಗಲದ ಪೆಟ್ಟಿಗೆಯಿಂದ ಡೊಳ್ಳಿನ ದನಿ ಬರುವುದಿಲ್ಲ.

ವ್ಯಾಟ್ ಸಂಖ್ಯೆ ನೋಡಿ ಮೋಸ ಹೋಗುವವರು ಬಹಳ. ಪೆಟ್ಟಿಗೆಯ ಮೇಲೆ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಂದು ಬರೆದ ವ್ಯಾಟನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಲೆಕ್ಕ) ಎಂದಿದ್ದರೆ ಅದನ್ನು ಮರೆಯಿರಿ. 5 ವ್ಯಾಟ್‌ನದಕ್ಕಿಂತ 10 ವ್ಯಾಟ್‌ನದು ಇಮ್ಮಡಿ ಜೋರಾಗಿ ಕೇಳುವುದಿಲ್ಲ, ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 10×12 ಅಡಿ ಕೋಣೆಗೆ 5 ವ್ಯಾಟ್ ಸಾಕು. ಅಂಗಳಕ್ಕೆ, ಮಾಳಿಗೆಯ ಮೇಲಕ್ಕೆ 20 ವ್ಯಾಟ್ ಬೇಕಾಗುತ್ತದೆ.

ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಸಂಖ್ಯೆಯನ್ನು ಸರಿಯಾಗಿ ಓದಿ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಐಪಿಎಕ್ಸ್7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ, ಆದರೆ ಎಕ್ಸ್ ಇದ್ದಲ್ಲಿ ಧೂಳಿನ ಬಗ್ಗೆ ಕಂಪನಿ ಏನೂ ಹೇಳಿಲ್ಲ ಎಂದರ್ಥ. ಐಪಿ67ರಲ್ಲಿ ಧೂಳು ಒಳಗೆ ಹೋಗುವುದೇ ಇಲ್ಲ. ಸಂಡೂರು, ತೋರಣಗಲ್ಲು ಸುತ್ತಿನ ಅದಿರಿನ ಕೆಂಪು ಧೂಳಿರಲಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಡೆಯ ಬೂದಿಯಿರಲಿ, ಜಿನ್ನಿಂಗ್ ಮಿಲ್ಲಿನ ಹತ್ತಿಯ ನಾರಿರಲಿ, ಅಂಥ ಜಾಗದಲ್ಲಿ ಬಳಸುವವರು ಇನ್ನೂರು, ಮುನ್ನೂರು ರೂಪಾಯಿ ಹೆಚ್ಚಾದರೂ ಐಪಿ67 ತೆಗೆದುಕೊಳ್ಳುವುದೇ ಸರಿ.

ಪೆಟ್ಟಿಗೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನೊಡನೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಅದನ್ನು ಹಾಕಿದರೆ ತಯಾರಕರ ಹೆಸರು ಬರುತ್ತದೆ. ಸಂಖ್ಯೆ ಇಲ್ಲದ್ದನ್ನು, ಹೆಸರು ತಾಳೆಯಾಗದ್ದನ್ನು ಜಾತ್ರೆಯ ಅಂಗಡಿಯಲ್ಲಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ, ಒಳಗಿರುವುದು ಲಿಥಿಯಂ ಸೆಲ್.

ಮೊದಲ ಏಳು ದಿನ

ಬದಲಿಸಿಕೊಡುವ ಅವಧಿ ಹಲವು ಕಡೆ 7 ಅಥವಾ 10 ದಿನ ಮಾತ್ರ. ಪಾರ್ಸಲ್ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ, ವಿಳಾಸದ ಚೀಟಿಯಿಂದ ಹಿಡಿದು ಸ್ಪೀಕರ್ ಆನ್ ಆಗುವವರೆಗೆ ನಡುವೆ ನಿಲ್ಲಿಸಬೇಡಿ.

ಪೂರ್ತಿ ಚಾರ್ಜ್ ಮಾಡಿ. ದನಿಯನ್ನು ಅರ್ಧಕ್ಕಿಟ್ಟು ಹಾಡು ಹಚ್ಚಿ, ಎಷ್ಟು ಹೊತ್ತು ಬರುತ್ತದೆ ಎಂದು ಗಡಿಯಾರ ನೋಡಿ ಬರೆದಿಡಿ. ಕಂಪನಿ ಹೇಳುವ ತಾಸುಗಳು ಸಾಮಾನ್ಯವಾಗಿ ಅರ್ಧ ದನಿಯ ಲೆಕ್ಕ. 1200 ಎಂಎಎಚ್ ಸೆಲ್ಲಿನಲ್ಲಿರುವ ಶಕ್ತಿ 3.7 ವೋಲ್ಟ್ ಲೆಕ್ಕದಲ್ಲಿ ಸುಮಾರು 4.4 ವ್ಯಾಟ್‌ತಾಸು. ಅದರಲ್ಲಿ 8 ತಾಸು ನುಡಿಯಬೇಕಾದರೆ ಸ್ಪೀಕರ್ ಸರಾಸರಿ ಅರ್ಧ ವ್ಯಾಟ್‌ನಷ್ಟೇ ಎಳೆಯಬೇಕು. ದನಿ ತುಂಬ ಏರಿಸಿದರೆ ತಾಸುಗಳು ಅರ್ಧಕ್ಕಿಂತ ಕೆಳಗೆ ಇಳಿಯುವುದು ಇದಕ್ಕೇ, ಅದು ದೋಷವಲ್ಲ. ಅರ್ಧ ದನಿಯಲ್ಲೇ ಹೇಳಿದ ಹೊತ್ತಿನ ಮುಕ್ಕಾಲು ಪಾಲೂ ಬರದಿದ್ದರೆ ವಾಪಸ್ ಕಳಿಸಿ.

ಆಮೇಲೆ ವಾರ್ತೆ ಹಚ್ಚಿ ಮಾತು ಸ್ಪಷ್ಟವಾಗಿದೆಯೇ ಕೇಳಿ, ತಬಲಾ ಅಥವಾ ಡೊಳ್ಳು ಇರುವ ಹಾಡು ಹಚ್ಚಿ ದನಿ ಏರಿಸಿ. ಗರಗರ ಸದ್ದು ಬಂದರೆ ಮೊದಲು ಸ್ಪೀಕರನ್ನು ಕೈಯಲ್ಲಿ ಎತ್ತಿ ಹಿಡಿಯಿರಿ. ಸದ್ದು ನಿಂತರೆ ಅದು ಮೇಜಿನದು ಅಥವಾ ತಗಡಿನ ಕಪಾಟಿನದು. ಚಾರ್ಜಿಗೆ ಹಾಕಿದಾಗ ಮಾತ್ರ ಗುಂಯ್ ಅಂದರೆ ಚಾರ್ಜರಿನ ದೋಷ, ಬೇರೆಯದರಲ್ಲಿ ನೋಡಿ. ಎರಡು ಬದಿಗೆ ರಬ್ಬರಿನ ಪೊರೆ ಇರುವ ಮಾಡೆಲ್ ಇದ್ದರೆ ಅದನ್ನು ಬೆರಳಿನಿಂದ ಒತ್ತಬೇಡಿ. ಬಾಸ್ ಕೊಡುವುದು ಅದೇ, ಅದರ ಮುಂದೆ ಎರಡು ಬೆರಳಗಲ ಜಾಗ ಖಾಲಿ ಇರಬೇಕು.

ಚಾರ್ಜಿಂಗ್

ಹೊಸ ಸ್ಪೀಕರ್ ಚಾರ್ಜೇ ಆಗುವುದಿಲ್ಲ ಎಂದು ದೂರುವವರಲ್ಲಿ ಕೆಲವರದು ಸ್ಪೀಕರ್ ಕೆಟ್ಟದ್ದಲ್ಲ, ಕೇಬಲ್ ಹೊಂದದ್ದು. ಹೊಸ ಮೊಬೈಲಿನ ಚಾರ್ಜರಿಗೆ ಎರಡೂ ತುದಿ ಟೈಪ್ ಸಿ ಇರುವ ಕೇಬಲ್ ಬರುತ್ತದೆ. ಆ ಚಾರ್ಜರ್ ಎದುರಿನ ಸಾಧನದಲ್ಲಿ 5.1 ಕಿಲೊಓಮ್‌ನ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ) ಇದೆ ಎಂದು ಗುರುತಿಸಿದ ಮೇಲೆಯೇ ಕರೆಂಟು ಬಿಡುತ್ತದೆ. ಕೆಲವು ಅಗ್ಗದ ಸ್ಪೀಕರುಗಳಲ್ಲಿ ಪೋರ್ಟ್ ಟೈಪ್ ಸಿ ಆದರೂ ಆ ರೆಸಿಸ್ಟರ್ ಹಾಕಿರುವುದಿಲ್ಲ. ಹಾಗಾಗಿ ದೀಪವೇ ಹತ್ತುವುದಿಲ್ಲ. ಒಂದು ತುದಿ ಹಳೆಯ ಅಗಲ ಯುಎಸ್‌ಬಿ, ಇನ್ನೊಂದು ಟೈಪ್ ಸಿ ಇರುವ ಕೇಬಲನ್ನು ಹಳೆಯ 5 ವೋಲ್ಟ್, 1 ಅಥವಾ 2 ಆಂಪಿಯರ್ ಚಾರ್ಜರಿಗೆ ಹಾಕಿ ನೋಡಿ. ಬಹುತೇಕ ಅಲ್ಲಿಗೆ ಸರಿಹೋಗುತ್ತದೆ. ಪೆಟ್ಟಿಗೆಯಲ್ಲಿ ಬಂದ ಗೇಣುದ್ದದ ಕೇಬಲನ್ನು ಕಳೆಯಬೇಡಿ.

ಬಿಸಿಲಿನ ಮಾತು ಇದಕ್ಕಿಂತ ದೊಡ್ಡದು. ಲಿಥಿಯಂ ಅಯಾನ್ ಸೆಲ್ಲನ್ನು ಚಾರ್ಜ್ ಮಾಡಲು ಸಾಮಾನ್ಯ ಮಿತಿ 0ಯಿಂದ 45 ಡಿಗ್ರಿ. ರಾಯಚೂರಿನಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೆರಳಿನಲ್ಲೇ 40 ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಅದಕ್ಕೂ ಹೆಚ್ಚು. ಅದರ ಮೇಲೆ ಚಾರ್ಜ್ ಆಗುವಾಗ ಸೆಲ್ ತಾನೂ ಬಿಸಿಯಾಗುತ್ತದೆ. ಒಳಗಿನ ರಾಸಾಯನಿಕ ಬೇಗ ಹಾಳಾಗಿ ಅನಿಲ ಕಟ್ಟಿಕೊಂಡು ಸೆಲ್ ಉಬ್ಬುವುದು ಹೀಗೆ. ಬೇಸಿಗೆಯಲ್ಲಿ ನಸುಕಿನಲ್ಲಿ ಅಥವಾ ರಾತ್ರಿ ಊಟವಾದ ಮೇಲೆ ಚಾರ್ಜ್ ಮಾಡಿ, ಬಂಡೆ ಹಾಸಿದ ನೆಲದ ಮೇಲೆ ಇಟ್ಟರೆ ಇನ್ನೂ ಒಳ್ಳೆಯದು. ಹಾಸಿಗೆ, ಕೌದಿ ಮೇಲೆ ಬೇಡ. ಬಿಸಿಲಿನಿಂದ ಬಂದ ಸ್ಪೀಕರನ್ನು ಮುಟ್ಟಿ ನೋಡಿ, ಬಿಸಿ ಇದ್ದರೆ ಅರ್ಧ ತಾಸು ಆರಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ. ಚಾರ್ಜ್ ಮಾಡುತ್ತಲೇ ದನಿ ಏರಿಸಿ ಹಾಡು ಕೇಳುವ ರೂಢಿ ಬಿಡಿ, ಎರಡು ಕಡೆಯ ಬಿಸಿ ಒಂದೇ ಸೆಲ್ಲಿಗೆ ತಾಗುತ್ತದೆ. ಟ್ರ್ಯಾಕ್ಟರಿನ ಮೇಲೆ, ಕಾರಿನ ಗಾಜಿನ ಹಿಂದೆ ಬಿಟ್ಟುಹೋಗುವುದಂತೂ ಕೂಡದು, ಅಲ್ಲಿ 60 ಡಿಗ್ರಿ ದಾಟುತ್ತದೆ.

ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಮೂರು ತಿಂಗಳಿಗೊಮ್ಮೆ ತುಸು ಚಾರ್ಜ್ ಮಾಡಿ. ಪೂರ್ತಿ ಖಾಲಿ ಮಾಡಿ ಕಪಾಟಿಗೆ ಸೇರಿಸಿದ್ದು ಮುಂದಿನ ಜಾತ್ರೆಗೆ ಏಳದೆ ಹೋಗಬಹುದು.

ಧೂಳು, ನೀರು

ಮುಂದಿನ ಜಾಲರಿಗೆ ಕೂತ ಧೂಳನ್ನು ಮೆದು ಪೇಂಟ್ ಬ್ರಷ್‌ನಿಂದ ಒಣಗಿದ್ದಾಗಲೇ ಗುಡಿಸಿ, ಸ್ಪೀಕರ್ ಮುಖ ಕೆಳಗಿರಲಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ, ಆ ಒತ್ತಡಕ್ಕೆ ಒಳಗಿನ ಕೋನ್ (ಅದುರಿ ದನಿ ಹೊಮ್ಮಿಸುವ ತೆಳು ಪೊರೆ) ಹರಿಯುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಸ್ಪೀಕರ್ ಇಡುವವರು ಕಟಿಂಗ್, ಗ್ರೈಂಡಿಂಗ್ ಮಾಡುವ ಜಾಗದಿಂದ ದೂರ ಇಡಬೇಕು. ಹಾರುವ ಕಬ್ಬಿಣದ ಪುಡಿಯನ್ನು ಒಳಗಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ, ಕೋನಿನ ಸುತ್ತ ಕೂತ ಪುಡಿ ಬ್ರಷ್ಷಿಗೆ ಬರುವುದಿಲ್ಲ, ದನಿ ಒಡೆದಂತೆ ಕೇಳುತ್ತದೆ.

ಕೇಬಲ್ ಸಡಿಲ ಕೂತರೆ ಪೋರ್ಟಿನೊಳಗೆ ಧೂಳು ಗಟ್ಟಿಯಾಗಿದೆ ಎಂದು ತಿಳಿಯಿರಿ. ಸ್ಪೀಕರ್ ಆಫ್ ಮಾಡಿ, ಕಟ್ಟಿಗೆಯ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಹಾಕಿದರೆ ನಡುವಿನ ತೆಳು ನಾಲಗೆ ಮುರಿಯುತ್ತದೆ.

ಸಾಣಾಪುರದ ಕೆರೆಯಲ್ಲೋ ಸಿಂಧನೂರು ಕಡೆಯ ಎಡದಂಡೆ ಕಾಲುವೆಯಲ್ಲೋ ಬಿದ್ದ ಐಪಿ67 ಸ್ಪೀಕರಿಗೆ ನೀರಿಗಿಂತ ಕೆಸರಿನ ಅಪಾಯ ಹೆಚ್ಚು. ಐಪಿ ಪರೀಕ್ಷೆ ನಡೆಯುವುದು ನಿಂತ ತಿಳಿನೀರಿನಲ್ಲಿ, ಹೊಸ ಸ್ಪೀಕರಿನ ಮೇಲೆ. ಎತ್ತಿದ ಕೂಡಲೇ ಮುಚ್ಚಳ ಬಿಗಿಯಿದೆಯೇ ನೋಡಿ ನಲ್ಲಿಯ ಸಣ್ಣ ಧಾರೆಯಲ್ಲಿ ಕೆಸರು ತೊಳೆಯಿರಿ, ಜಾಲರಿ ಕೆಳಮುಖವಾಗಿ ನೆರಳಿನಲ್ಲಿ ಒಂದು ದಿನ ಇಡಿ. ಪೋರ್ಟ್ ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ, ಒದ್ದೆ ಪೋರ್ಟಿಗೆ ಕರೆಂಟು ಕೊಟ್ಟರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ.

ಕನೆಕ್ಟ್ ಆಗದಿದ್ದರೆ

ಬಯಲಿನಲ್ಲಿ 10 ಮೀಟರ್ ಬರುವ ಸಂಪರ್ಕ ನಮ್ಮ ಮಾಳಿಗೆ ಮನೆಗಳಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ತುಂಡಾಗುತ್ತದೆ. ಎರಡಡಿ ದಪ್ಪದ ಕಲ್ಲುಗೋಡೆಯನ್ನು ಬ್ಲೂಟೂತ್ ದಾಟಲಾರದು, ಬಾಗಿಲಿನ ನೇರಕ್ಕೆ ಸ್ಪೀಕರ್ ಇಡಿ. ಮೊಬೈಲನ್ನು ಹಿಂದಿನ ಜೇಬಿನಲ್ಲಿಟ್ಟರೂ ಕಡಿಯಬಹುದು, ಮೈಯಲ್ಲಿನ ನೀರಿನಂಶ ಈ ಅಲೆಗಳನ್ನು ಹೀರುತ್ತದೆ. ವೈಫೈ ರೂಟರಿನ ಪಕ್ಕದಲ್ಲಿಯೂ ಬೇಡ, ಎರಡೂ 2.4 ಗಿಗಾಹರ್ಟ್ಸ್‌ನವು.

ಸ್ಪೀಕರ್ ಹೆಸರು ಕಂಡರೂ ಜೋಡಣೆಯಾಗದಿದ್ದರೆ ಅದು ಮನೆಯ ಇನ್ಯಾರದೋ ಮೊಬೈಲಿಗೆ ಅಂಟಿಕೊಂಡಿರುತ್ತದೆ. ಆ ಮೊಬೈಲಿನ ಬ್ಲೂಟೂತ್ ಆಫ್ ಮಾಡಿಸಿ. ನಿಮ್ಮದರಲ್ಲಿ ಹಳೆಯ ಹೆಸರನ್ನು ಅಳಿಸಿ, ಸ್ಪೀಕರಿನ ಬ್ಲೂಟೂತ್ ಗುಂಡಿಯನ್ನು ದೀಪ ಬೇಗ ಬೇಗ ಮಿನುಗುವ ತನಕ ಒತ್ತಿ ಹಿಡಿದು ಹೊಸದಾಗಿ ಜೋಡಿಸಿ. ಟಿವಿಗೆ ಜೋಡಿಸಿದಾಗ ತುಟಿಗೂ ಮಾತಿಗೂ ಹೊಂದದಿದ್ದರೆ ಅದು ಬ್ಲೂಟೂತಿನ ತಡ, ಆಕ್ಸ್ ತೂತು ಇದ್ದರೆ ತಂತಿ ಹಾಕಿ. ಮೆಮೊರಿ ಕಾರ್ಡ್ ಓದದಿದ್ದರೆ 32 ಜಿಬಿ ಒಳಗಿನದನ್ನು ಎಫ್‌ಎಟಿ32 ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿ. ಎಫ್‌ಎಂ ಕರಕರ ಅಂದರೆ ಚಾರ್ಜಿಂಗ್ ಕೇಬಲ್ ಸಿಕ್ಕಿಸಿ ನೋಡಿ, ಹಲವು ಸ್ಪೀಕರುಗಳಿಗೆ ಅದೇ ಆಂಟೆನಾ.

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು ನೆನಪಿಡಿ: ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಜೋರು ದನಿ ಹಚ್ಚುವುದನ್ನು 2000ದ ಶಬ್ದಮಾಲಿನ್ಯ ನಿಯಮ ತಡೆಯುತ್ತದೆ. ಪಕ್ಕದ ಮಾಳಿಗೆಯಲ್ಲೂ ಕೂಸು ಮಲಗಿರುತ್ತದೆ.

ದೂರು, ದುರಸ್ತಿ

ವಾರಂಟಿ ಇರುವಾಗ ಬಿಚ್ಚಬೇಡಿ, ಸ್ಕ್ರೂ ಮೇಲಿನ ಚೀಟಿ ಹರಿದರೆ ಹಕ್ಕು ಹೋದಂತೆ. ಬಿಲ್ಲಿನ ಫೋಟೊ ತೆಗೆದಿಡಿ, ಉಷ್ಣಕಾಗದದ ಬಿಲ್ಲು ಬಿಸಿಲಿಗೆ ಅಳಿಸಿಹೋಗುತ್ತದೆ. ಕಂಪನಿ ಸ್ಪಂದಿಸದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದ ಒಳಗಿನ ವಸ್ತುವಿಗೆ ಶುಲ್ಕವಿಲ್ಲ.

ವಾರಂಟಿ ಮುಗಿದ ಮೇಲೆ ಸೆಲ್ ಬದಲಿಸಬಹುದು. ಒಳಗೆ ಹಲವು ಸಲ 18650 ಎಂಬ ಗಾತ್ರದ ಸೆಲ್ ಇರುತ್ತದೆ. ಆ ಗಾತ್ರದಲ್ಲಿ 9900 ಎಂಎಎಚ್ ಎಂದು ಬರೆದದ್ದು ಖಂಡಿತ ನಕಲಿ, ನೆಚ್ಚಬಹುದಾದವು ಸಾಮಾನ್ಯವಾಗಿ 2000ದಿಂದ 3500ರ ಒಳಗೆ. ತೂಕ ಸುಮಾರು 45 ಗ್ರಾಂ ಇರಬೇಕು, ಬಹಳ ಹಗುರಿದ್ದರೆ ಬೇಡ. ರಕ್ಷಣಾ ಸರ್ಕ್ಯೂಟ್ ಇರುವುದನ್ನೇ ಕೇಳಿ, ಸೆಲ್ಲಿನ ಮೈಮೇಲೆ ನೇರವಾಗಿ ಬೆಸುಗೆ ಹಾಕಲು ಬಿಡಬೇಡಿ, ನಿಕ್ಕಲ್ ಪಟ್ಟಿ ಹಚ್ಚಿ ಬಂದ ಸೆಲ್ ತರಿಸಿ. ಕೆಂಪು, ಕಪ್ಪು ತಂತಿ ಅದಲು ಬದಲಾದರೆ ಬೋರ್ಡ್ ಕ್ಷಣದಲ್ಲಿ ಸುಡುತ್ತದೆ, ಜೋಡಿಸುವ ಮುನ್ನ ಮಲ್ಟಿಮೀಟರ್ ಹಿಡಿಸಿ.

ಸ್ಪೀಕರಿನ ಮೈ ಉಬ್ಬಿದ್ದರೆ, ಜೋಡಣೆಯ ಸಾಲು ಬಾಯಿಬಿಟ್ಟಿದ್ದರೆ ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಮನೆಯಿಂದ ಹೊರಗೆ, ಮಣ್ಣಿನ ಮಡಕೆಯಲ್ಲಿ ಮರಳು ತುಂಬಿ ಅದರೊಳಗಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಒಯ್ದು ಕೊಡಿ. ಕಸದ ತಿಪ್ಪೆಗೆ ಎಸೆಯಬೇಡಿ, ಅಲ್ಲಿ ಬೆಂಕಿ ಹಚ್ಚುತ್ತಾರೆ.